ಪದಚರ್ಚೆ: 17 ವರ್ಷದವರೂ ‘ಮಗು’ವೇ? ಮಕ್ಕಳ ನೀತಿಯ ಕೆಲವು ಪದಗಳು

ಪ್ರಶ್ನೆ

ಬಳಗದವರಿಗೆ ನಮಸ್ಕಾರ. 2013ರ ರಾಷ್ಟ್ರೀಯ ಮಕ್ಕಳ ನೀತಿ ಮತ್ತು 2016ರ ರಾಷ್ಟ್ರೀಯ ಮಕ್ಕಳ ಕ್ರಿಯಾ ಯೋಜನೆ, ಇವೆರಡರ ಸಾರವನ್ನು ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಕೈಪಿಡಿಯಾಗಿ ಬರೆಯುವ ಕೆಲಸ ನಡೆದಿದೆ. ನೀತಿಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಆದರೆ ಮೀಸೆ ಚಿಗುರಿದ ಹುಡುಗನನ್ನು ‘ಮಗು’ ಎಂದು ಬರೆದರೆ ಓದುವವರಿಗೆ ನಗು ಬರುತ್ತದೆ. ‘ಕಿಶೋರ’ ಅಥವಾ ‘ಅಪ್ರಾಪ್ತ’ ಎನ್ನಬಹುದೇ? ಇನ್ನೊಂದು: ಪ್ಲಾನ್, ಸ್ಕೀಮ್, ಪ್ರಾಜೆಕ್ಟ್ ಮೂರಕ್ಕೂ ‘ಯೋಜನೆ’ ಎಂದೇ ಬರೆಯುತ್ತ ಹೋದರೆ ಗೊಂದಲವಾಗುವುದಿಲ್ಲವೇ?

ಉತ್ತರ

‘ಕಿಶೋರ’ ಬೇಡ. ಅದಕ್ಕೆ ಕಾನೂನಿನಲ್ಲಿ ಬೇರೆ ಕೆಲಸವಿದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ತುಂಬದವರು ಬಾಲಕಾರ್ಮಿಕರು, 14 ತುಂಬಿ 18 ತುಂಬದವರು ಕಿಶೋರ ಕಾರ್ಮಿಕರು. ಮೊದಲನೆಯವರನ್ನು, ಮನೆಯವರ ಕಸುಬಿನಂಥ ಒಂದೆರಡು ವಿನಾಯಿತಿ ಬಿಟ್ಟರೆ, ಕೆಲಸಕ್ಕೆ ಇಟ್ಟುಕೊಳ್ಳುವಂತೆಯೇ ಇಲ್ಲ. ಎರಡನೆಯವರಿಗೆ ನಿಷೇಧವಿರುವುದು ಅಪಾಯಕಾರಿ ಕೆಲಸಗಳಲ್ಲಿ ಮಾತ್ರ. ಕೈಪಿಡಿಯಲ್ಲಿ ಎಲ್ಲರನ್ನೂ ಕಿಶೋರರೆಂದು ಕರೆದರೆ, ನಾಳೆ ಸಮೀಕ್ಷೆಯ ನಮೂನೆಯಲ್ಲಿ 12ರ ಹುಡುಗನೂ ಆ ಕಾಲಮ್ಮಿಗೇ ಸೇರುತ್ತಾನೆ. ಅವನನ್ನು ಕೆಲಸಕ್ಕಿಟ್ಟುಕೊಂಡ ಗ್ಯಾರೇಜಿನವನು ಕಾನೂನಿನ ಕೈಯಿಂದ ಸಲೀಸಾಗಿ ಜಾರಿಕೊಳ್ಳುತ್ತಾನೆ.

‘ಅಪ್ರಾಪ್ತ’ ಆಸ್ತಿ, ಕರಾರು, ಪೋಷಕತ್ವದ ಕಡತಗಳ ಪದ. ಪತ್ರಿಕೆಗಳು ಅದನ್ನು ಎಲ್ಲೆಡೆ ಎಳೆದು ತಂದಿವೆ. ಅದು ಏನಿಲ್ಲ ಎಂಬುದನ್ನು ಹೇಳುತ್ತದೆಯೇ ಹೊರತು ಏನು ಸಿಗಬೇಕು ಎಂಬುದನ್ನಲ್ಲ. ಹಕ್ಕಿನ ನೀತಿಗೆ ಹೊಂದುವುದಿಲ್ಲ. ‘ಬಾಲಾಪರಾಧಿ’ಯನ್ನಂತೂ ಮುಟ್ಟಲೇಬೇಡಿ. 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಮು ಆರೋಪಿಸುವ, ದೂಷಿಸುವ ಪದಗಳನ್ನೇ ಬಳಸಬಾರದೆನ್ನುತ್ತದೆ. ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು’ ಎಂಬುದು ಉದ್ದ, ಓದಲು ಒರಟು. ಆದರೂ ಮೊಟಕು ಮಾಡುವಂತಿಲ್ಲ. ಆರೋಪ ಮಾತ್ರ ಇರುವವರೂ ಅದರೊಳಗೆ ಬರುತ್ತಾರೆ, ಬಾಲನ್ಯಾಯ ಮಂಡಳಿ ತೀರ್ಮಾನಿಸುವ ಮೊದಲೇ ಅವರನ್ನು ಅಪರಾಧಿ ಎಂದಂತಾಗಬಾರದು.

ಹಾಗಾಗಿ ‘ಮಕ್ಕಳು’ ಎಂದೇ ಬರೆಯಿರಿ, ಆದಷ್ಟೂ ಬಹುವಚನದಲ್ಲಿ. ನಗು ಬರುವುದು ಏಕವಚನದಲ್ಲಿ. ‘ಮಗು’ ನಪುಂಸಕ ಲಿಂಗ, ಅದರ ಬೆನ್ನಿಗೆ ‘ಅದು’, ‘ಅದಕ್ಕೆ’ ಬಂದೇ ಬರುತ್ತವೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೋ ಕಾಯ್ದೆಯ 24ನೇ ಕಲಮಿನಂತೆ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ ಪಡೆಯಬೇಕು. ಅದನ್ನು ‘ಅದು ಬಯಸಿದ ಕಡೆ ಅದರ ಹೇಳಿಕೆ’ ಎಂದು ಕನ್ನಡಿಸಿದರೆ 16ರ ಹುಡುಗಿ ತೊಟ್ಟಿಲ ಕೂಸಾಗುತ್ತಾಳೆ. ‘ಮಕ್ಕಳು ಬಯಸಿದ ಕಡೆ ಅವರ ಹೇಳಿಕೆ’ ಎಂದರೆ ತೊಡಕಿಲ್ಲ. ಏಕವಚನ ಬೇಕೇ ಬೇಕಾದ ಕಡೆ ಸರ್ವನಾಮ ಬಿಟ್ಟು ‘ಮಗು’ ಎಂದೇ ಮತ್ತೆ ಬರೆಯಿರಿ. ವಾಕ್ಯದ ಓಟ ಕೆಟ್ಟರೂ ಅರ್ಥ ಕೆಡುವುದಿಲ್ಲ.

ಕೈಪಿಡಿಯಲ್ಲಿ ಹೆಚ್ಚು ಅನಾಹುತವಾಗುವುದು ವಯಸ್ಸನ್ನು ಹೇಳುವ ರೀತಿಯಲ್ಲಿ. ‘18 ವರ್ಷದವರೆಗೆ’ ಎಂದರೆ 18 ಸೇರಿತೇ, ಬಿಟ್ಟಿತೇ? ಊರಿನಲ್ಲಿ ‘ಹುಡುಗಿಗೆ ಹದಿನೆಂಟು ನಡೀತಿದೆ’, ‘ಹದಿನೆಂಟಕ್ಕೆ ಬಿದ್ದಿದ್ದಾಳೆ’ ಎಂದರೆ ಹದಿನೇಳು ತುಂಬಿದೆ ಎಂದಷ್ಟೇ ಅರ್ಥ. ಲಗ್ನಪತ್ರಿಕೆ ಅಚ್ಚಾಗುವುದು ಈ ಲೆಕ್ಕದ ಮೇಲೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಕೇಳುವುದು ಹುಡುಗಿಗೆ 18 ತುಂಬಿರಬೇಕು, ಹುಡುಗನಿಗೆ 21 ತುಂಬಿರಬೇಕು ಎಂದು. ಹಾಗಾಗಿ ‘ತುಂಬಿದ’, ‘ತುಂಬದ’ ಇವೆರಡನ್ನೇ ಹಿಡಿಯಿರಿ. ‘ವರೆಗೆ’, ‘ಒಳಗಿನ’, ‘ಮೇಲ್ಪಟ್ಟ’ ಬೇಡ. ದಾಖಲೆಯ ಮಾತು ಬಂದ ಕಡೆ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಕ್ರಮವನ್ನೂ ಸೇರಿಸಿ: ಮೊದಲು ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಹತ್ತನೇ ತರಗತಿಯ ಪ್ರಮಾಣಪತ್ರ, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಒಂದು ಕಾಯ್ದೆಯ ವಯಸ್ಸು ಇನ್ನೊಂದಕ್ಕೆ ಹೊಂದದು (ಶಿಕ್ಷಣ ಹಕ್ಕಿನದು 6ರಿಂದ 14), ಆದ್ದರಿಂದ ಪ್ರತಿ ಅಧ್ಯಾಯದ ಮೊದಲಲ್ಲೇ ಅಂಕಿ ಕೊಡಿ.

ನೀವು ಕೇಳದಿದ್ದರೂ ಒಂದು: ಕೋಷ್ಟಕದಲ್ಲಿ ‘ಹೆಣ್ಣುಮಕ್ಕಳು’ ಎಂದು ಬರೆಯಬೇಡಿ. ಅರವತ್ತರ ಅಜ್ಜಿಯೂ ಹೆಣ್ಣುಮಗಳೇ, ಅದರಲ್ಲೂ ಉತ್ತರ ಕರ್ನಾಟಕದ ಮಾತಿನಲ್ಲಿ. ‘ಬಾಲಕಿಯರು’ ಸಾಕು.

‘ಯೋಜನೆ’ಯ ಗೊಂದಲ ಹಳೆಯದು, ಕಚೇರಿಯ ಕನ್ನಡದ್ದೇ. 1975ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಒಂದು ಸ್ಕೀಮು. ಅದರ ತಾಲ್ಲೂಕು ಮಟ್ಟದ ಘಟಕ ಪ್ರಾಜೆಕ್ಟು, ಅದನ್ನು ನೋಡಿಕೊಳ್ಳುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಪಂಚಾಯಿತಿಯವರು ವರ್ಷವರ್ಷ ಮಾಡುವ ಅಭಿವೃದ್ಧಿ ಯೋಜನೆ ಪ್ಲಾನು. ಹೀಗಿರುವಾಗ ರಾಷ್ಟ್ರೀಯ ಕ್ರಿಯಾ ಯೋಜನೆ ಎಂದ ಕೂಡಲೇ ಸದಸ್ಯರು ಕೇಳುವ ಮೊದಲ ಪ್ರಶ್ನೆ ‘ಅನುದಾನ ಎಷ್ಟು?’ ಕ್ರಿಯಾ ಯೋಜನೆ ಯಾವ ಇಲಾಖೆ ಏನು ಮಾಡಬೇಕೆಂದು ಹಂಚುವ ಪಟ್ಟಿ. ದುಡ್ಡು ಬರುವುದು ಆಯಾ ಇಲಾಖೆಯ ಸ್ಕೀಮುಗಳ ಮೂಲಕ. ಪ್ಲಾನಿಗೆ ‘ಕ್ರಿಯಾ ಯೋಜನೆ’, ಸ್ಕೀಮಿಗೆ ‘ಸ್ಕೀಮು’ ಎಂದೇ ಬರೆದುಬಿಡಿ. ಊರಿನವರು ಆಡುವುದೂ ಹಾಗೆಯೇ. ಅಧಿಕೃತ ಹೆಸರುಗಳನ್ನು ಮಾತ್ರ ಇದ್ದಂತೆ ಬಿಡಿ.

ಇನ್ನೊಬ್ಬರಿಂದ ಸೇರ್ಪಡೆ

ಮೇಲಿನದಕ್ಕೆ ಒಪ್ಪಿಗೆ. ನೀತಿಯ ನಾಲ್ಕು ಆದ್ಯತೆಗಳಲ್ಲಿ ಕೊನೆಯದನ್ನು ‘ಭಾಗವಹಿಸುವಿಕೆ’ ಎಂದು ಬರೆಯುವ ರೂಢಿ ಇದೆ. ಓದಿದವರು ಹಾಜರಿ ಎಂದುಕೊಳ್ಳುತ್ತಾರೆ. ಮಕ್ಕಳ ಗ್ರಾಮಸಭೆಯಲ್ಲಿ ಪ್ರಾರ್ಥನೆ, ಸ್ವಾಗತ, ಅಧ್ಯಕ್ಷರ ಭಾಷಣ ಮುಗಿದು ಮಕ್ಕಳಿಗೆ ಉಳಿಯುವುದು ಹತ್ತು ನಿಮಿಷ. ಭಾರತ 1992ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯಲ್ಲಿರುವುದು ಅಭಿಪ್ರಾಯ ಹೇಳುವ ಹಕ್ಕು, ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಅದಕ್ಕೆ ಬೆಲೆ ಸಿಗುವುದೂ ಸೇರಿ. ‘ಅಭಿಪ್ರಾಯ ಹೇಳುವ, ಅದಕ್ಕೆ ಬೆಲೆ ಸಿಗುವ ಹಕ್ಕು’ ಎಂದು ಬಿಡಿಸಿ ಬರೆಯಿರಿ. ಜೊತೆಗೆ ನಡಾವಳಿ ಪುಸ್ತಕಕ್ಕೆ ನಾಲ್ಕು ಕಾಲಮ್ಮಿನ ಮಾದರಿಯೊಂದನ್ನು ಕೊಡಿ: ಮಕ್ಕಳು ಕೇಳಿದ್ದು, ಕೊಟ್ಟ ಉತ್ತರ, ಹೊಣೆ ಯಾರದು, ಎಂದಿನೊಳಗೆ. ‘ಮಕ್ಕಳ ಸಮಸ್ಯೆಗಳನ್ನು ಚರ್ಚಿಸಲಾಯಿತು’ ಎಂಬ ಒಂದೇ ಸಾಲಿನ ನಡಾವಳಿಯನ್ನು ಮುಂದಿನ ವರ್ಷದ ಸಭೆಯಲ್ಲಿ ಯಾರೂ ಪ್ರಶ್ನಿಸಲಾಗದು.