ಎಲ್‌ಎಲ್‌ಬಿ ಮಾಡಬೇಕು, ಅದಕ್ಕೂ ಮೊದಲು ಯಾವ ಡಿಗ್ರಿ ತಗೊಳ್ಳಲಿ?

ಪ್ರಶ್ನೆ: ನಮಸ್ಕಾರ ಮೇಡಂ. ಹಿರಿಯೂರಿನ ಹತ್ತಿರ ನಮ್ಮ ಊರು. ಪಿಯುಸಿ ಕಾಮರ್ಸ್ ಮುಗೀತು. ಡಿಗ್ರಿ ಮಾಡಿ ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಬೇಕು ಅಂತಿದ್ದೇನೆ. ಲಾಯರ್ ಆಗಬೇಕಾದರೆ ಬಿಎನಲ್ಲಿ ರಾಜ್ಯಶಾಸ್ತ್ರ ಓದಲೇಬೇಕು ಅಂತ ನಮ್ಮ ಮಾವ ಹೇಳ್ತಾರೆ. ನನಗೆ ಅಕೌಂಟ್ಸ್ ಇಷ್ಟ. ಬಿಕಾಂ ಮಾಡಿದರೆ ತೊಂದರೆ ಆಗುತ್ತಾ?

ಉತ್ತರ: ಖಂಡಿತ ಇಲ್ಲಮ್ಮ. ಮಾನ್ಯತೆ ಇರುವ ಯಾವ ಡಿಗ್ರಿ ಆದರೂ ನಡೆಯುತ್ತದೆ. ವಕೀಲಿ ವೃತ್ತಿಗೆ ನಿಯಮ ಮಾಡುವ ಬಾರ್ ಕೌನ್ಸಿಲ್ ಕೇಳುವುದು ಡಿಗ್ರಿಯ ಅಂಕ: ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40. ರಾಜ್ಯಶಾಸ್ತ್ರ ಓದಿದವರಿಗೆ ಸಂವಿಧಾನದ ಪಾಠ ಮೊದಲು ಸ್ವಲ್ಪ ಸಲೀಸು, ಅಷ್ಟೇ. ಒಂದು ಸೆಮಿಸ್ಟರ್‌ನಲ್ಲಿ ಎಲ್ಲರೂ ಸಮ ಆಗುತ್ತಾರೆ. ಆದರೆ ಚೆಕ್ ಬೌನ್ಸ್ ಕೇಸಿನಲ್ಲಿ ಎದುರು ಪಾರ್ಟಿಯ ಲೆಡ್ಜರ್ ಕೈಗೆ ಬಂದಾಗ, ಅದನ್ನು ಓದಲು ಬರುವ ವಕೀಲರು ಮಾಡುವ ಪಾಟೀಸವಾಲೇ (ಎದುರು ಸಾಕ್ಷಿಗೆ ಹಾಕುವ ಪ್ರಶ್ನೆಗಳು) ಬೇರೆ. ಇಷ್ಟಪಟ್ಟು ಬಿಕಾಂ ಓದು.

ಪ್ರಶ್ನೆ (ಇನ್ನೊಬ್ಬರು): ನಾನು ಬಿಎಸ್ಸಿ ಕೆಮಿಸ್ಟ್ರಿ. ಸುಮ್ನೆ ಮೂರು ವರ್ಷ ಕಳೆದೆ ಅನ್ನಿಸ್ತಿದೆ.

ಉತ್ತರ: ಹಾಗೆ ಅಂದುಕೊಳ್ಳಬೇಡಿ. ಹೊಸ ಆವಿಷ್ಕಾರದ ಹಕ್ಕಿಗೆ ಅರ್ಜಿ ಹಾಕಿಕೊಡುವವರು ಪೇಟೆಂಟ್ ಏಜೆಂಟ್. ಆ ಪರೀಕ್ಷೆ ಬರೆಯಲು ವಿಜ್ಞಾನ ಇಲ್ಲವೇ ಎಂಜಿನಿಯರಿಂಗ್ ಡಿಗ್ರಿ ಬೇಕೇ ಬೇಕು. ಬರೀ ಎಲ್‌ಎಲ್‌ಬಿ ಇದ್ದರೆ ಸಾಲದು.

ಪ್ರಶ್ನೆ (ಮೊದಲಿನವರು): ಥ್ಯಾಂಕ್ಸ್ ಮೇಡಂ. ಇನ್ನೊಂದು ಭಯ. ನಾನು ಕನ್ನಡ ಮೀಡಿಯಂ. ಇಂಗ್ಲಿಷ್ ಅಷ್ಟಕ್ಕಷ್ಟೇ.

ಉತ್ತರ: ನಿಜವಾಗಿ ತಯಾರಿ ಬೇಕಾಗಿರುವುದು ಇಲ್ಲೇ. ಹೈಕೋರ್ಟ್ ತೀರ್ಪುಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತವೆ, ಓದಲೇಬೇಕು. ಹಾಗಂತ ಕನ್ನಡವನ್ನು ಕಡಿಮೆ ಅಂತ ತಿಳಿಯಬೇಡ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಮಾತಾಡುವುದು ಕನ್ನಡ, ಕ್ರಯಪತ್ರ ಇರುವುದು ಕನ್ನಡದಲ್ಲಿ. ಸಿವಿಲ್ ಜಡ್ಜ್ ಪರೀಕ್ಷೆಯಲ್ಲೂ ಅನುವಾದದ ಪತ್ರಿಕೆ ಇದೆ. ನನ್ನ ಹತ್ತಿರ ಬರುವ ಜೂನಿಯರ್‌ಗಳಲ್ಲಿ ಜಾಸ್ತಿ ಜನ ಎಡವುವುದು ಕಾನೂನಿನಲ್ಲಲ್ಲ, ಕಕ್ಷಿದಾರರು ಹೇಳಿದ್ದನ್ನು ಒಂದು ಪುಟದಲ್ಲಿ ಸರಿಯಾಗಿ ಬರೆಯುವುದರಲ್ಲಿ. ಈಗಿನಿಂದಲೇ ದಿನಕ್ಕೊಂದು ಪುಟ ಬರಿ, ಒಂದು ದಿನ ಕನ್ನಡ, ಒಂದು ದಿನ ಇಂಗ್ಲಿಷ್. ಮನೆಯಲ್ಲಿ ಹಳೆ ಕ್ರಯಪತ್ರ ಇದ್ದರೆ ತೆಗೆದು ಓದು. ಅದರಲ್ಲಿರುವ ಚಕ್ಕುಬಂದಿಯನ್ನು, ಅಂದರೆ ಜಮೀನಿನ ನಾಲ್ಕು ಕಡೆಯ ಗಡಿಯ ವಿವರವನ್ನು, ಹೊಲದಲ್ಲಿ ನಿಂತು ನಾಲ್ಕೂ ದಿಕ್ಕಿಗೆ ತಾಳೆ ನೋಡು.

ಪ್ರಶ್ನೆ (ಎರಡು ದಿನ ಬಿಟ್ಟು): ಮೇಡಂ, ತಾತನ ಕ್ರಯಪತ್ರ ಓದಿದೆ. ಅದರಲ್ಲಿ 3 ಎಕರೆ 20 ಗುಂಟೆ ಇದೆ. ಪಹಣಿಯಲ್ಲಿ ಉಳಿದಿರುವುದು 3 ಎಕರೆ 12 ಗುಂಟೆ. ಯಾರಾದರೂ ಒತ್ತುವರಿ ಮಾಡಿದ್ದಾರಾ?

ಉತ್ತರ: ಗಾಬರಿ ಬೇಡ. ಪಹಣಿಯಲ್ಲಿ ಖರಾಬು ಅಂತ ಒಂದು ಸಾಲು ಇರುತ್ತದೆ. ಹಳ್ಳ, ಬಂಡೆ, ದಾರಿಯ ಜಾಗವನ್ನು ಒಟ್ಟು ವಿಸ್ತೀರ್ಣದಲ್ಲಿ ಕಳೆದಿರುತ್ತಾರೆ. ಅಲ್ಲಿ 8 ಗುಂಟೆ ಇದೆಯಾ ನೋಡಿ ಹೇಳಮ್ಮ.

ಪ್ರಶ್ನೆ: ಇದೆ ಮೇಡಂ! ಹೊಲದ ಮೂಲೆಯಲ್ಲಿ ಹಳ್ಳ ಹರಿಯುತ್ತೆ.