ಅಪ್‌ಡೇಟ್: ಸಿಪಿಆರ್ ಪ್ರಾಕ್ಟಿಕಲ್ ಕೊನೆಗೂ ಪಾಸಾದೆ

ಹೋದ ವಾರ ಕೇಳಿದ್ದೆನಲ್ಲ: ಇಎಂಟಿ (ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವವರು) ತರಬೇತಿಯಲ್ಲಿದ್ದೇನೆ, ಗೊಂಬೆಯ ಮೇಲೆ ಸಿಪಿಆರ್ (ಹೃದಯ ನಿಂತವರ ಎದೆಯನ್ನು ಮತ್ತೆ ಮತ್ತೆ ಒತ್ತುವುದು) ಮಾಡುವಾಗ ಒಂದೇ ನಿಮಿಷಕ್ಕೆ ಕೈ ಸೋಲುತ್ತದೆ, ಒತ್ತುವ ಆಳ 5 ಸೆಂಟಿಮೀಟರ್ ಮುಟ್ಟುವುದೇ ಇಲ್ಲ, ಏನು ಮಾಡಲಿ ಅಂತ. ನಿನ್ನೆ ಪರೀಕ್ಷೆ ಮುಗಿಯಿತು. ಪಾಸು!

ಕೆಲಸಕ್ಕೆ ಬಂದದ್ದು "ಇನ್ನೂ ಹತ್ತಿರ ಮಂಡಿಯೂರಿ, ಭುಜ ಅಂಗೈಯ ನೇರ ಮೇಲೆ ಬರಲಿ" ಅಂದವರ ಸಲಹೆ. ನಾನು ದೂರ ಕೂತು, ಮೊಣಕೈ ಮಡಚಿ, ಬರೀ ತೋಳಿನ ಬಲದಿಂದ ಒತ್ತುತ್ತಿದ್ದೆ. ಈಗ ಮೊಣಕೈ ನೆಟ್ಟಗೆ ಇಟ್ಟು, ಸೊಂಟದಿಂದ ಬಾಗಿ ಮೈಭಾರವನ್ನೇ ಬಿಡುತ್ತೇನೆ. ನಾನಿರುವುದು 48 ಕೆಜಿ. ಅಷ್ಟೇ ಸಾಕಾಯಿತು.

ದಿನಾ ದಂಡ ಹೊಡೆಯಿರಿ ಅಂದವರೇ, ಕ್ಷಮಿಸಿ. ನಾಲ್ಕು ದಿನ ಹೊಡೆದೆ, ಮೈಕೈ ನೋವು ಬಂದದ್ದೇ ಲಾಭ. ಮೊಬೈಲ್ ಮೆಟ್ರೊನೋಮ್ (ತಾಳ ಬಡಿಯುವ ಆ್ಯಪ್) ವೇಗಕ್ಕೆ ಸರಿ, ನಿಮಿಷಕ್ಕೆ 100ರಿಂದ 120 ಚೆನ್ನಾಗಿ ಕೂರುತ್ತದೆ. ಆಳಕ್ಕೆ ಉಪಯೋಗವಿಲ್ಲ.

ಇನ್ನೊಂದು ತಪ್ಪು ನನ್ನ ಗಮನಕ್ಕೇ ಬಂದಿರಲಿಲ್ಲ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಆಗಲೇ ಹೃದಯಕ್ಕೆ ಮತ್ತೆ ರಕ್ತ ತುಂಬುವುದು. ಸುಸ್ತಾದಾಗ ನಾನು ಗೊಂಬೆಯ ಎದೆಯ ಮೇಲೆ ಹಾಗೇ ಒರಗಿಬಿಡುತ್ತಿದ್ದೆ! ಸುಸ್ತು ಎಲ್ಲರಿಗೂ ಆಗುತ್ತದೆ, ಅದಕ್ಕೇ 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಅಂದರು ನಮ್ಮ ಮೇಡಂ. ಇದನ್ನು ಮೊದಲ ದಿನವೇ ಹೇಳಬಹುದಿತ್ತು, ಅಲ್ವಾ? ಸುಮ್ನೆ ನನ್ನನ್ನೇ ಬೈದುಕೊಂಡಿದ್ದೆ.

ಮುಂದಿನ ವಾರದಿಂದ ಕ್ಯಾಶುಯಾಲ್ಟಿ ಪೋಸ್ಟಿಂಗ್. ರಾತ್ರಿ ಪಾಳಿ.