ತೊರಕೆ ಮೀನಿನ ಬಗ್ಗೆ ಕೇಳಿ: ಮುಂಬೈ ಕನ್ನಡಿಗರ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಗಣಪತಿ ವಿಸರ್ಜನೆ ಹತ್ತಿರ ಬಂತು. ತೊರಕೆ (ಸ್ಟಿಂಗ್‌ರೇ, ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು; ಇಲ್ಲಿನವರ ಪಾಕಟ್) ಚುಚ್ಚುವುದರ ಬಗ್ಗೆ ದಿನಾ ಪ್ರಶ್ನೆ ಬರ್ತಿದೆ. ಈ ಕರಾವಳಿಯ ತೊರಕೆಗಳ ಮೇಲೆ ಕೆಲಸ ಮಾಡುವ ನಮ್ಮ ಗುಂಪಿನ ಮೀನುಗಾರಿಕೆ ವಿಜ್ಞಾನಿ ಮೇಡಂ ಇವತ್ತು ಉತ್ತರ ಕೊಡ್ತಾರೆ. ಪ್ರಶ್ನೆ ಮಾತ್ರ ಹಾಕಿ, ಫಾರ್ವರ್ಡ್ ಬೇಡ.

ದಾದರ್ ಸದಸ್ಯ: ನಮಸ್ಕಾರ ಮೇಡಂ. 2013ರಲ್ಲಿ ಗಿರ್ಗಾಂವ್ ಚೌಪಾಟಿಯಲ್ಲಿ ವಿಸರ್ಜನೆಗೆ ಇಳಿದ ಎಷ್ಟೋ ಜನಕ್ಕೆ ಚುಚ್ಚಿತ್ತು. ಸರಿಯಾಗಿ ಆ ಹೊತ್ತಿಗೇ ಇವು ದಡಕ್ಕೆ ಯಾಕೆ ಬರುತ್ತವೆ?

ಉತ್ತರ: ನಮಸ್ಕಾರ. ವಿಸರ್ಜನೆಗೆಂದು ಅವು ಬರುವುದಿಲ್ಲ. ಅವು ಇರುವ ಜಾಗಕ್ಕೆ ನಾವು ಬರಿಗಾಲಲ್ಲಿ, ಒಂದೇ ರಾತ್ರಿ ಸಾವಿರಗಟ್ಟಲೆ ಇಳಿಯುತ್ತೇವೆ. ಚೌಪಾಟಿಯ ಮುಂದಿನ ಕೊಲ್ಲಿ ಆಳವಿಲ್ಲದ್ದು, ತಳ ಮರಳು ಬೆರೆತ ಕೆಸರು. ಸೀಗಡಿ, ಸಣ್ಣ ಏಡಿ, ಹುಳು ಅಲ್ಲಿ ಹೇರಳ. ಭರತ ಏರುವಾಗ ತೊರಕೆ ಅದರ ಜೊತೆಗೇ ದಡದತ್ತ ಮೇಯಲು ಬರುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ಮೂರ್ತಿ ಮುಳುಗಿಸುವುದೂ ಭರತದಲ್ಲೇ. ಮಳೆಗಾಲದ ಕೊನೆಗೆ ನೀರು ಎಷ್ಟು ಕದಡಿರುತ್ತದೆ ಎಂದರೆ ಮೊಣಕಾಲುದ್ದದ ನೀರಿನಲ್ಲಿ ಪಾದ ಕಾಣುವುದಿಲ್ಲ.

ಇಲ್ಲಿ ಬಲೆಗೆ ಹೆಚ್ಚು ಬೀಳುವ ಸಣ್ಣ ಜಾತಿಗಳಲ್ಲಿ ಒಂದು ಬ್ರೆವಿಟ್ರೈಗಾನ್ ವಾಲ್ಗಾ. ಊಟದ ತಟ್ಟೆಯಷ್ಟು ಅಗಲ, ಬೆನ್ನು ಚುಕ್ಕೆಯಿಲ್ಲದ ಕಂದು, ಹೊಟ್ಟೆ ಬಿಳಿ. ಬಾಲ ಗಿಡ್ಡ, ದೊಡ್ಡ ತೊರಕೆಗಳ ಚಾಟಿಯಂಥ ಬಾಲ ಇದಕ್ಕಿಲ್ಲ. 2016ರ ತನಕ ಇದು ಹಿಮಾಂತುರಾ ಕುಲದಲ್ಲಿತ್ತು, ಹಳೆಯ ಪಟ್ಟಿಗಳಲ್ಲಿ ಆ ಹೆಸರಲ್ಲೇ ಹುಡುಕಿ. ಮೈಮೇಲೆ ಮರಳು ಎರಚಿಕೊಂಡು ಹುದುಗಿ ಕೂರುತ್ತದೆ. ಬಾಯಿ ಹೊಟ್ಟೆಯ ಕಡೆ ಇರುವುದರಿಂದ ಉಸಿರಿನ ನೀರನ್ನು ಕಣ್ಣಿನ ಹಿಂದಿನ ಎರಡು ರಂಧ್ರಗಳಿಂದ ಎಳೆದುಕೊಳ್ಳುತ್ತದೆ. ಹೊರಗೆ ಕಾಣುವುದು ಆ ರಂಧ್ರ ಮತ್ತು ಕಣ್ಣು, ಅಷ್ಟೇ. ಬೆನ್ನ ಮೇಲೆ ಕಾಲಿಟ್ಟರೆ ಬಾಲ ಮೇಲಕ್ಕೆ ಬೀಸುತ್ತದೆ, ಮುಳ್ಳು ಪಾದದ ಮೇಲ್ಭಾಗಕ್ಕೋ ಹರಡಿಗೋ ನಾಟುತ್ತದೆ. ಕಾಲು ಎತ್ತಿ ಎತ್ತಿ ಇಡಬೇಡಿ, ತಳಕ್ಕೆ ಉಜ್ಜುತ್ತಾ ಸರಿಯಿರಿ. ಕಂಪನ ತಿಳಿದರೆ ಅದೇ ಎದ್ದು ಹೋಗುತ್ತದೆ. ಗಮ್‌ಬೂಟು ಹಾಕಿದರೆ ಒಳ್ಳೆಯದು, ಆದರೆ ದೊಡ್ಡ ಮುಳ್ಳು ರಬ್ಬರನ್ನೂ ತೂರುತ್ತದೆ.

ಡೊಂಬಿವಲಿ ಸದಸ್ಯ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ: "ತೊರಕೆ ಚುಚ್ಚಿದರೆ ಕೂಡಲೇ ಐಸ್ ಇಡಿ, ವಿಷ ಮೇಲೇರದಂತೆ ಮೊಣಕಾಲ ಕೆಳಗೆ ಬಿಗಿಯಾಗಿ ಹಗ್ಗ ಕಟ್ಟಿ, ಗಾಯ ಕೊಯ್ದು ರಕ್ತ ಹಿಂಡಿ, ಸುಣ್ಣ ಬೆಲ್ಲ ಹಚ್ಚಿ."

ಉತ್ತರ: ನಾಲ್ಕೂ ತಪ್ಪು. ಐಸ್ ನೋವಿಗೆ ಕೆಲಸ ಮಾಡುವುದಿಲ್ಲ. ಹಗ್ಗ ಕಟ್ಟಿದರೆ ಮೊದಲೇ ಸಾಯುತ್ತಿರುವ ಮಾಂಸಕ್ಕೆ ರಕ್ತವೂ ನಿಲ್ಲುತ್ತದೆ. ಕೊಯ್ದರೆ ಗಾಯ ದೊಡ್ಡದಾಗುತ್ತದೆ. ಸುಣ್ಣ ಸುಡುತ್ತದೆ, ಬೆಲ್ಲ ರೋಗಾಣುವಿಗೆ ಊಟ.

ತೊರಕೆಯ ವಿಷ ಪ್ರೋಟೀನು, ಶಾಖಕ್ಕೆ ಕೆಡುತ್ತದೆ. ಗಾಯವನ್ನು ನೀರಿನಿಂದ ತೊಳೆದು, ರಕ್ತ ಸೋರುತ್ತಿದ್ದರೆ ಬಟ್ಟೆ ಒತ್ತಿ ಹಿಡಿದು ನಿಲ್ಲಿಸಿ, ಆಮೇಲೆ ಪಾದವನ್ನು 43ರಿಂದ 45 ಡಿಗ್ರಿ ಬಿಸಿ ನೀರಿನಲ್ಲಿ 30ರಿಂದ 90 ನಿಮಿಷ ಮುಳುಗಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಪಾಲು ಕುದಿಯುವ ನೀರಿಗೆ ಮೂರು ಪಾಲು ನಲ್ಲಿ ನೀರು. ಮುಂಬೈಯ ನಲ್ಲಿ ನೀರಿನಲ್ಲಿ ಲೆಕ್ಕ ಹೆಚ್ಚುಕಮ್ಮಿ 45ಕ್ಕೆ ಬರುತ್ತದೆ. ಮೊದಲು ಬೆರೆಸಿ, ಚುಚ್ಚಿಸಿಕೊಂಡವರ ಗಾಯವಿಲ್ಲದ ಕಾಲಿನಿಂದ ನೋಡಿ, ಆಮೇಲೆ ಗಾಯದ ಕಾಲು. ನೋವಿನಲ್ಲಿರುವ ಕಾಲಿಗೆ ಬಿಸಿ ಗೊತ್ತಾಗದೆ ಬೊಬ್ಬೆ ಎದ್ದದ್ದುಂಟು. ನೀರು ಆರಿದಾಗ ಕಾಲು ಹೊರಗೆ ತೆಗೆದೇ ಬಿಸಿ ಸೇರಿಸಿ. ನೋವು ಇಳಿದ ಮೇಲೂ ಆಸ್ಪತ್ರೆಗೆ ಹೋಗಿ, ಟಿಟಿ ಹಾಕಿಸಿ. ಎದೆ, ಹೊಟ್ಟೆ, ಕುತ್ತಿಗೆಗೆ ಮುಳ್ಳು ನಾಟಿದ್ದರೆ ಕೀಳಬೇಡಿ. ಹಾಗೇ ಅಲುಗದಂತೆ ಹಿಡಿದು ಸೀದಾ ಆಸ್ಪತ್ರೆಗೆ ಒಯ್ಯಿರಿ.

ಪುಣೆ ಸದಸ್ಯ: ಮೇಡಂ, ಮನೆಯ ಅಕ್ವೇರಿಯಂನಲ್ಲಿ ತೊರಕೆ ಸಾಕಬಹುದಾ? 200 ಲೀಟರಿನದು ಇದೆ.

ಕಾಂದಿವಲಿ ಸದಸ್ಯೆ: ಅರಿಶಿನ ಹಚ್ಚಬಹುದಾ ಮೇಡಂ?

ಉತ್ತರ: ಬೇಡ. ಬಿಸಿ ನೀರು.

ಮಲಾಡ್ ಶೆಟ್ರು: ಡೊಂಬಿವಲಿಯವರೇ, ಅಡ್ಮಿನ್ ಬೇಡ ಅಂದ ಮೇಲೂ ಫಾರ್ವರ್ಡ್ ಹಾಕಿದ್ರಲ್ಲ ಮಾರಾಯ್ರೇ. ಯಾರಾದ್ರೂ ಹಗ್ಗ ಕಟ್ಟಿ ಕಾಲು ಕಳ್ಕೊಂಡ್ರೆ ನೀವು ಕೊಡ್ತೀರಾ?

ಡೊಂಬಿವಲಿ ಸದಸ್ಯ: ನಾನೇನು ಬರೆದದ್ದಲ್ಲರೀ ಅದು, ಬಂದದ್ದು ಕಳಸೀನಿ. ಹಳಬರು ಸುಮ್ನೆ ಸುಣ್ಣ ಹಚ್ಚತಿದ್ರೇನು?

ಐರೋಲಿ ಸದಸ್ಯ: ಠಾಣೆ ಖಾಡಿಯಲ್ಲಿ ಇಳಿತದ ಹೊತ್ತು ಕೆಸರಿನ ಮೇಲೆ ದುಂಡನೆಯ ಗುಂಡಿಗಳು ಕಾಣುತ್ತವೆ. ಒಂದಡಿ ಅಗಲ. ಕೆಲವರು ಫ್ಲೆಮಿಂಗೋ ಮಾಡಿದ್ದು ಅನ್ನುತ್ತಾರೆ, ಕೆಲವರು ತೊರಕೆ ಅನ್ನುತ್ತಾರೆ.

ಉತ್ತರ: ಇಂಥ ಪ್ರಶ್ನೆ ಬಂದರೆ ಖುಷಿ. ಎರಡೂ ಇರಬಹುದು, ಗುರುತು ಬೇರೆ. ಫ್ಲೆಮಿಂಗೋ ಕೊಕ್ಕನ್ನು ನಡುವೆ ಇಟ್ಟು ಅದರ ಸುತ್ತ ಕಾಲಿನಿಂದ ತುಳಿಯುತ್ತಾ ತಿರುಗುತ್ತದೆ. ಹಾಗಾಗಿ ಉಂಗುರದಂಥ ಕಾಲುವೆ ಉಳಿದು ನಡುವೆ ದಿಬ್ಬ ಇರುತ್ತದೆ, ಜಾಲಪಾದದ ಗುರುತೂ ಕಾಣಬಹುದು. ತೊರಕೆಯ ಗುಂಡಿ ಬಟ್ಟಲಿನ ಹಾಗೆ: ನಡುವೆಯೇ ಆಳ, ಎತ್ತಿ ಹಾಕಿದ ಕೆಸರು ಅಂಚಿನಲ್ಲಿ, ಹಲವು ಸಲ ಒಂದೇ ಬದಿಗೆ. ಅದು ಬಾಯಿಂದ ನೀರು ಚಿಮ್ಮಿಸಿ, ರೆಕ್ಕೆಯಂಥ ಮೈಯನ್ನು ಬಡಿದು ಕೆಸರು ಎಬ್ಬಿಸುತ್ತದೆ. ಹುದುಗಿದ ಸೀಗಡಿ, ಏಡಿಯನ್ನು ಕಣ್ಣಿನಿಂದ ಹುಡುಕುವುದಲ್ಲ; ಬಾಯಿಯ ಸುತ್ತ ಲೊರೆಂಜಿನಿ ಕುಪ್ಪಿಗಳೆಂಬ ಸೂಕ್ಷ್ಮ ರಂಧ್ರಗಳಿವೆ, ಬೇಟೆಯ ಮೈಯಿಂದ ಹೊರಡುವ ಕ್ಷೀಣ ವಿದ್ಯುತ್ತನ್ನು ಅವು ಹಿಡಿಯುತ್ತವೆ. ಕದಡಿದ ಖಾಡಿಯಲ್ಲಿ ತೊರಕೆ ಹೊಟ್ಟೆ ತುಂಬಿಸಿಕೊಳ್ಳುವುದು ಇದರಿಂದಲೇ. ಗುಂಡಿಯಲ್ಲಿ ಚಿಪ್ಪಿನ ಚೂರುಗಳಿವೆಯಾ ನೋಡಿ, ತೊರಕೆಯ ಚಪ್ಪಟೆ ಹಲ್ಲುಗಳು ಅರೆಯಲೆಂದೇ ಇರುವುದು. ಇನ್ನೊಂದು ವಿಷಯ, ಈಗ ಫ್ಲೆಮಿಂಗೋಗಳ ಕಾಲವಲ್ಲ. ಅವು ಹೆಚ್ಚಾಗಿ ಬರುವುದು ಚಳಿಗಾಲದಿಂದ ಬೇಸಿಗೆ ತನಕ. ಈ ತಿಂಗಳ ಹೊಸ ಗುಂಡಿಗಳಾದರೆ ನನ್ನ ಅನುಮಾನ ತೊರಕೆಯ ಮೇಲೆ. ಪಕ್ಕದಲ್ಲಿ ಸ್ಕೇಲ್ ಇಟ್ಟು, ಮೇಲಿನಿಂದ ಫೋಟೋ ತೆಗೆದು ಕಳುಹಿಸಿ. ಕೆಸರಿಗೆ ಇಳಿಯಬೇಡಿ.

ವರ್ಸೋವಾ ಸದಸ್ಯ: ಬಲೆಯಿಂದ ಎತ್ತಿದ ತೊರಕೆ ದೋಣಿಯಲ್ಲೇ ಮರಿ ಹಾಕ್ತು. ಎರಡು ಮರಿ. ನೀರಿಗೆ ಬಿಟ್ರೆ ಬದುಕ್ತಾವಾ?

ಉತ್ತರ: ತುಂಬಿದ ಮರಿಯೋ, ಅವಧಿಗೆ ಮೊದಲೇ ಬಿದ್ದದ್ದೋ ನೋಡಬೇಕು. ಹೊಟ್ಟೆಯಲ್ಲಿ ಹಳದಿಯ ಚೀಲ ಇನ್ನೂ ಹೊರಗೆ ನೇತಾಡುತ್ತಿದ್ದರೆ ಬದುಕುವುದಿಲ್ಲ. ಬಲೆಯ ಒತ್ತಡಕ್ಕೆ ತೊರಕೆಗಳು ಮರಿ ಬೀಳಿಸಿಬಿಡುತ್ತವೆ, ಇದು ಸಾಮಾನ್ಯ. ತಾಯಿ ಒಳಗೇ ಮರಿಗೆ ಹಾಲಿನಂಥ ದ್ರವ ಉಣಿಸಿ ಬೆಳೆಸುತ್ತದೆ, ಹಾಗಾಗಿ ಸಣ್ಣ ಜಾತಿಗಳಲ್ಲಿ ಒಮ್ಮೆಗೆ ಒಂದೋ ಎರಡೋ ಮರಿ ಮಾತ್ರ. ಬಂಗುಡೆ ಲಕ್ಷಗಟ್ಟಲೆ ಮೊಟ್ಟೆ ಇಡುವ ಕಡಲಿನಲ್ಲಿ ಇದು ಎರಡೇ ಮರಿ ಹಾಕುತ್ತದೆ. ಬಸುರಿ ತೊರಕೆ ಜೀವಂತ ಇದ್ದರೆ ದಯವಿಟ್ಟು ಬಿಡಿ. ಬಾಲ ಹಿಡಿದು ಎಸೆಯಬೇಡಿ, ಕಣ್ಣಿನ ಹಿಂದಿನ ರಂಧ್ರಕ್ಕೆ ಬೆರಳು ಹಾಕಿ ಎತ್ತಬೇಡಿ. ಒದ್ದೆ ಹಲಗೆಯ ಮೇಲೆ ಸರಿಸಿ, ಹಾಗೇ ನೀರಿಗೆ ಜಾರಿಸಿ.

ವಾಸ್ಕೋ ಸದಸ್ಯ: ಬಲೆ ಬಿಡಿಸುವಾಗ ತೊರಕೆಯಂಥದ್ದೇ ಮೀನು ಶಾಕ್ ಹೊಡೆಯಿತು. ಮುಳ್ಳಿರಲಿಲ್ಲ.

ಉತ್ತರ: ವಿದ್ಯುತ್ ತೊರಕೆ. ಮೈ ಮೆತ್ತಗೆ, ಬಾಲ ಗಿಡ್ಡ ದಪ್ಪ, ತುದಿಯಲ್ಲಿ ರೆಕ್ಕೆ. ವಿಷ ಇಲ್ಲ.

ಘಾಟ್ಕೋಪರ್ ಸದಸ್ಯ: ಪಿಒಪಿ ಮೂರ್ತಿ, ಬಣ್ಣ, ಹೂವು ಎಲ್ಲ ಸುರಿದು ನೀರು ಕೆಡಿಸಿದ್ದಕ್ಕೇ ಇವು ಸಿಟ್ಟಿಗೆದ್ದು ಚುಚ್ಚೋದು.

ಮಲಾಡ್ ಶೆಟ್ರು: ಎಲ್ಲದಕ್ಕೂ ಹಬ್ಬದ ಮೇಲೆ ಗೂಬೆ ಕೂರಿಸ್ಬೇಡಿ. ಟ್ರಾಲರ್‌ನವರು ತಳ ಕೆರೆದು ಕೆರೆದು ಅವನ್ನು ದಡಕ್ಕೆ ಓಡಿಸಿದ್ದು.

ವರ್ಸೋವಾ ಸದಸ್ಯ: ಶೆಟ್ರೇ, ಜೂನ್ 1ರಿಂದ ಜುಲೈ 31ರ ತನಕ ನಮ್ಮ ಟ್ರಾಲರ್ ಬಂದರಲ್ಲೇ ಕಟ್ಟಿರ್ತದೆ. ಹೋಟೆಲಲ್ಲಿ ಕೂತು ಕಡಲಿನ ವಿಷಯ ಹೇಳ್ಬೇಡಿ.

ಮಲಾಡ್ ಶೆಟ್ರು: ಹೋಟೆಲಿನ ವಿಷಯ ಯಾಕೆ ಈಗ? ಆಗಸ್ಟಿನಲ್ಲಿ ಯಾರು ಕೆರೆಯೋದು, ನಾನಾ?

ಅಡ್ಮಿನ್: ಇಬ್ಬರೂ ಸಾಕು.

ಉತ್ತರ: ಸಿಟ್ಟಿಗೆ ಚುಚ್ಚುವ ಪ್ರಾಣಿ ಅಲ್ಲ, ತುಳಿದಾಗ ಚುಚ್ಚುತ್ತದೆ. ಟ್ರಾಲ್ ಬಲೆ ತೊರಕೆಯನ್ನು ಓಡಿಸುವುದಕ್ಕಿಂತ ಹಿಡಿದು ಕೊಲ್ಲುವುದೇ ಹೆಚ್ಚು. ನಿಮ್ಮ ಜಗಳ ಬೇರೆ ಕಡೆ ಮುಂದುವರಿಸಿ.

ನೆರೂಲ್ ಸದಸ್ಯೆ: ಮೇಡಂ, ನನ್ನ ತಮ್ಮನಿಗೆ ಮಢ್‌ನಲ್ಲಿ ತೊರಕೆ ಚುಚ್ಚಿ ಒಂಬತ್ತು ದಿನ ಆಯ್ತು. ಬಿಸಿ ನೀರಲ್ಲಿ ಇಟ್ಟೆವು, ನೋವು ಹೋಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿದರು. ಈಗ ಗಾಯದ ಅಂಚು ಕಪ್ಪಾಗಿ ನೀರು ಸೋರುತ್ತಿದೆ. ಅವನಿಗೆ ಸಕ್ಕರೆ ಕಾಯಿಲೆ ಇದೆ.

ಉತ್ತರ: ಅಕ್ಕ, ಇದನ್ನು ಓದಿದ ಕೂಡಲೇ ಶಸ್ತ್ರಚಿಕಿತ್ಸಕರಿರುವ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಳಗಿನ ತನಕ ಕಾಯಬೇಡಿ. ನಾನು ವೈದ್ಯೆ ಅಲ್ಲ, ಆದರೆ ಮುಳ್ಳಿನ ರಚನೆ ಗೊತ್ತಿರುವುದರಿಂದ ಹೇಳುತ್ತೇನೆ. ಮುಳ್ಳಿನ ಎರಡೂ ಅಂಚಿನಲ್ಲಿ ಗರಗಸದ ಹಲ್ಲುಗಳಿವೆ, ಹಿಂದಕ್ಕೆ ಬಾಗಿರುತ್ತವೆ. ಒಳಗೆ ಹೋಗುವಾಗ ಸಲೀಸು, ಹೊರಗೆ ಬರುವಾಗ ಮಾಂಸ ಹರಿದು ಕೆಲವು ಸಲ ತುದಿ ಮುರಿದು ಒಳಗೇ ಉಳಿಯುತ್ತದೆ. ಮುಳ್ಳಿನ ಮೇಲೆ ತೆಳುವಾದ ಚರ್ಮದ ಹೊದಿಕೆ ಇರುತ್ತದೆ, ವಿಷದ ಕೋಶಗಳು ಇರುವುದು ಅದರಲ್ಲಿ ಮತ್ತು ಮುಳ್ಳಿನ ಕೆಳಬದಿಯ ಎರಡು ತೋಡುಗಳಲ್ಲಿ. ಆ ಹೊದಿಕೆ ಹರಿದು ಗಾಯದಲ್ಲೇ ಬಿಡುತ್ತದೆ. ಬಿಸಿ ನೀರು ನೋವನ್ನು ಇಳಿಸಿತು, ಆದರೆ ಒಳಗಿನ ಚೂರನ್ನು ತೆಗೆಯಲಿಲ್ಲ. ಇಂಥ ಗಾಯವನ್ನು ಮೊದಲ ದಿನವೇ ಹೊಲಿದು ಮುಚ್ಚಿದರೆ ಕೊಳೆ ಒಳಗೇ ಸಿಕ್ಕಿಕೊಳ್ಳುತ್ತದೆ.

ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕಾದ್ದು: ತೊರಕೆ ಚುಚ್ಚಿದ್ದು, ಸಮುದ್ರದ ನೀರಿನಲ್ಲಿ ಆದ ಗಾಯ, ಎಷ್ಟು ದಿನ, ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇದ್ದರೆ ಅದೂ. ಉಪ್ಪು ನೀರಿನಲ್ಲಿ ವಿಬ್ರಿಯೋ ಎಂಬ ರೋಗಾಣು ಇರುತ್ತದೆ. ಸಕ್ಕರೆ ಅಥವಾ ಲಿವರ್ ಕಾಯಿಲೆ ಇರುವವರಲ್ಲಿ ಅದು ಬೇಗ ಹರಡಬಹುದು. ಸಮುದ್ರದ ಗಾಯ ಎಂದು ಗೊತ್ತಾದರೆ ಅವರು ಅದಕ್ಕೆ ತಕ್ಕ ಆಂಟಿಬಯೋಟಿಕ್ ಆರಿಸುತ್ತಾರೆ. ಎಕ್ಸ್‌ರೇ ಕೇಳಿ. ಜ್ವರ, ಚಳಿ, ಕೆಂಪು ಮೇಲಕ್ಕೆ ಏರುವುದು, ನೀರುಗುಳ್ಳೆ, ಇವುಗಳಲ್ಲಿ ಒಂದಿದ್ದರೂ ಎಮರ್ಜೆನ್ಸಿ ವಿಭಾಗಕ್ಕೇ ಹೋಗಿ. ಈಗ ಮತ್ತೆ ಬಿಸಿ ನೀರಿನಲ್ಲಿ ಇಡಬೇಡಿ, ಸಕ್ಕರೆ ಕಾಯಿಲೆಯ ಪಾದಕ್ಕೆ ಸುಟ್ಟದ್ದು ತಿಳಿಯದೇ ಹೋಗಬಹುದು.

ಡೊಂಬಿವಲಿ ಸದಸ್ಯ: ಕಪ್ಪಾಗಿದ್ರ ಬೇವಿನ ಎಲಿ ಅರದು ಕಟ್ರಿ ಅಕ್ಕಾರ, ಎರಡ ದಿನದಾಗ ಒಣಗತದ.

ಉತ್ತರ: ಇದನ್ನು ಅಳಿಸಿ. ಎರಡು ದಿನ ಕಾದರೆ ಆ ಹುಡುಗನ ಕಾಲು ಹೋಗಬಹುದು. ಅಡ್ಮಿನ್, ದಯವಿಟ್ಟು ನೋಡಿ.

ಅಡ್ಮಿನ್: ಅಳಿಸಿದ್ದೇನೆ. ಡೊಂಬಿವಲಿಯವರಿಗೆ ಇವತ್ತಿನ ಮಟ್ಟಿಗೆ ಬರೆಯಲು ಅವಕಾಶ ಇಲ್ಲ.

ಬೊರಿವಲಿ ಸದಸ್ಯೆ: ಸತ್ತ ತೊರಕೆ ಮಾರ್ಕೆಟಿಂದ ತಂದರೆ ವಿಷ ಇರುತ್ತಾ? ಪುಳಿಮುಂಚಿ ಮಾಡ್ಬಹುದಾ? ನಮ್ಮಲ್ಲಿ ಒಂದು ವಾಸನೆ ಬರುತ್ತೆ.

ಉತ್ತರ: ಮಾಂಸದಲ್ಲಿ ವಿಷ ಇಲ್ಲ. ಸತ್ತ ಮೇಲೂ ಮುಳ್ಳು ಚುಚ್ಚುತ್ತದೆ, ಬಾಲ ಬುಡದಲ್ಲೇ ಕತ್ತರಿಸಿಸಿ ತನ್ನಿ. ವಾಸನೆ ಅಮೋನಿಯದ್ದು: ಇದರ ರಕ್ತದಲ್ಲಿ ಯೂರಿಯಾ ಇರುತ್ತದೆ, ಮೀನು ಹಳತಾದಂತೆ ಅದು ಒಡೆಯುತ್ತದೆ. ಮೂಗಿಗೆ ಹೊಡೆದರೆ ಕೊಳ್ಳಬೇಡಿ. ಮೈತುಂಬ ಮುಳ್ಳಿರುವ ತೊರಕೆ ಕಂಡರೆ ಮುಟ್ಟಬೇಡಿ, ಅದು 2001ರಿಂದ ವನ್ಯಜೀವಿ ಕಾಯ್ದೆಯಡಿ ರಕ್ಷಿತ.

ಪುಣೆ ಸದಸ್ಯ: ನನ್ನ ಅಕ್ವೇರಿಯಂ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಮೇಡಂ.

ಕಲ್ಯಾಣ್ ಸದಸ್ಯ: ಚುಚ್ಚಿದ ಕೂಡಲೇ ವಿನೆಗರ್ ಹಾಕಿದರೆ?

ಉತ್ತರ: ಅದನ್ನು ಹೇಳುವುದು ಕೆಲವು ಅಂಬಲಿ ಮೀನುಗಳಿಗೆ (ಜೆಲ್ಲಿಫಿಶ್). ತೊರಕೆಗೆ ಬಿಸಿ ನೀರು. ಮೇಲೆ ಓದಿ, ಇದಕ್ಕೆ ಇನ್ನು ಉತ್ತರಿಸುವುದಿಲ್ಲ.

ನೆರೂಲ್ ಸದಸ್ಯೆ: ಮೇಡಂ, ಆಸ್ಪತ್ರೆಯಲ್ಲಿದ್ದೇವೆ. ಎಕ್ಸ್‌ರೇಯಲ್ಲಿ ಸಣ್ಣ ಚೂರು ಕಂಡಿದೆ. ಹೊಲಿಗೆ ಬಿಚ್ಚಿ ರಾತ್ರಿಯೇ ತೆಗೆಯುತ್ತಾರಂತೆ.

ಉತ್ತರ: ಒಳ್ಳೆಯದಾಯಿತು. ಎಕ್ಸ್‌ರೇಯಲ್ಲಿ ಕಾಣುವುದು ಮುಳ್ಳಿನ ಗಟ್ಟಿ ಭಾಗ ಮಾತ್ರ, ಚರ್ಮದ ಹೊದಿಕೆ ಕಾಣುವುದಿಲ್ಲ. ಚೂರು ತೆಗೆದ ಮೇಲೂ ಒಳಗೆ ಚೆನ್ನಾಗಿ ತೊಳೆದು ಹುಡುಕುವಂತೆ ಸರ್ಜನ್‌ಗೆ ಈಗಲೇ ಹೇಳಿ.